ಎಪ್ಪತ್ಮೂರಾದ ಮೇಲೆ

ಪ್ರತ್ಯೇಕ ತೆಲಂಗಾಣಕ್ಕಾಗಿ ಸಕಲ ಜನರ ಸಮ್ಮೆ ನಡೆದಿದ್ದ ಆ ದಿನಗಳಲ್ಲಿ ಜಹೀರಾಬಾದಿನಲ್ಲಿ ಒಂದು ಘನವಾದ ಘಟನೆ ನಡೆಯಿತು, ಯಾವ ಪತ್ರಿಕೆಯೂ ಅದನ್ನು ಅಚ್ಚು ಹಾಕಲಿಲ್ಲ, ಯಾವ ಮುಖಂಡನೂ ಅದರ ಮೇಲೆ ಹೇಳಿಕೆ ಕೊಡಲಿಲ್ಲ: ನರೇಶನ ಜೀಪಿನ ನಂಬರು ಅವಿಭಾಜ್ಯವಾಯಿತು. ಹಿಂದಿನ ತಗಡಿನ ಮೇಲಿನ ಎಪಿ ಎಂಬುದಕ್ಕೆ ಕರಿ ಬಣ್ಣ ಬಳಿದು ಟಿಜಿ ಎಂದು ಬರೆದ ಪುಣ್ಯಾತ್ಮ, ಉಳಿದ ಬಣ್ಣವನ್ನು ತಗಡಿನ ಬಲಮೂಲೆಗೇ ಒರೆಸಿ ಕುಂಚ ಸ್ವಚ್ಛ ಮಾಡಿಕೊಂಡಿದ್ದ, ಕೊನೆಯ ಒಂದು ಅದರಡಿ ಮುಳುಗಿ ಐದು ಸಾವಿರದ ಎಂಟುನೂರ ಎಪ್ಪತ್ತೊಂದು ಹೋಗಿ ಐದುನೂರ ಎಂಬತ್ತೇಳು ಉಳಿದಿತ್ತು, ಮೊದಲಿನದು ಮೂರರಿಂದ ಹೋಗುತ್ತಿತ್ತು, ಹತ್ತೊಂಬತ್ತರಿಂದಲೂ ಹೋಗುತ್ತಿತ್ತು, ಈಗಿನದು ಒಂದನ್ನೂ ತನ್ನನ್ನೂ ಬಿಟ್ಟು ಯಾರಿಗೂ ಬಗ್ಗುವುದಿಲ್ಲ — ಚಳವಳಿಯಿಂದ ಇಷ್ಟಾದರೂ ಆಯಿತಲ್ಲ, ಇದನ್ನು ಅವರಿಗೆ ಹೇಳಬೇಕು, ಬಿದ್ದು ಬಿದ್ದು ನಗುತ್ತಾರೆ, ಎಂದುಕೊಂಡ ಮಾಲತೀಬಾಯಿ, ಕನ್ನಡ ಮಾಧ್ಯಮದ ಶಾಲೆಯ ಗಣಿತದ ಬಾಯಿ, ಜೀಪಿನ ಹಿಂದೆ ಚೀಲ ಹಿಡಿದು ನಿಂತವಳು, ನಗುತ್ತಾರೆ ಎಂಬ ಕ್ರಿಯಾಪದದ ಹತ್ತಿರ ಬಂದು ಎಡವಿದಳು. ಅವರು ಎಂದರೆ ಚಂದ್ರಶೇಖರ, ಗಂಡ, ಕರಣಕೋಟದ ಸಿಮೆಂಟು ಕಾರ್ಖಾನೆಯ ಪ್ರಯೋಗಾಲಯದವರು, ಈಗ ತಾಂಡೂರಿನ ದವಾಖಾನೆಯ ಮಂಚದ ಮೇಲೆ ಇದ್ದಾರೆ, ಬಲಗಡೆ ಮೈ ಸತ್ತಂತಾಗಿದೆ, ಬಾಯಿಂದ ಬರುವುದು ಒಂದೇ ಮಾತು. ಮುಂದ ಕೂಡ್ರಿ ಬಾಯೇರ, ಹಿಂದ ಧೂಳಿ ಬಡೀತದ, ಎನ್ನುತ್ತಾನೆ ನರೇಶ, ಸೀಟಿನ ಮೇಲಿನ ಚಳವಳಿಯ ಗುಲಾಬಿ ಬಾವುಟಗಳನ್ನು ಸುತ್ತಿ ಹಿಂದಕ್ಕೆ ಎಸೆಯುತ್ತ, ಬಸ್ಸಿಲ್ಲ, ರೈಲಿಲ್ಲ, ನೆಟ್ಟಗೆ ಹೋಗುವ ರಸ್ತೆಯಲ್ಲಿ ಊರಿಗೊಂದು ಕಡೆ ಕಲ್ಲು ಮುಳ್ಳು ಅಡ್ಡ ಬಿದ್ದಿವೆ, ಅವುಗಳಲ್ಲಿ ಕೆಲವನ್ನು ನಿನ್ನೆ ತಾನೇ ಹಾಕಿಸಿ ಬಂದವನಾದ್ದರಿಂದ ಅವನಿಗೆ ಖಚಿತವಾಗಿ ಗೊತ್ತು, ಮೊಗುಡಂಪಲ್ಲಿ ಮೇಲೆ ಕರ್ನಾಟಕಕ್ಕೆ ಇಳಿದು, ಚಿಂಚೋಳಿ ಮೇಲೆ ಮತ್ತೆ ಈಚೆ ಹತ್ತಬೇಕು, ತೆಲಂಗಾಣದ ಒಂದೂರಿಂದ ಇನ್ನೊಂದೂರಿಗೆ ಹೋಗಲು ತೆಲಂಗಾಣ ಬಿಟ್ಟು ಹೋಗಬೇಕು, ಇದನ್ನೂ ಅವರಿಗೆ ಹೇಳಬೇಕು, ಹೇಳಬೇಕಾದವು ಎರಡಾದವು, ಮೂರನೆಯದು ಮುಂಜಾನೆಯಿಂದ ನಾಲಿಗೆಯ ತುದಿಯಲ್ಲೇ ಕೂತಿದೆ.

ಫೋನು ಬಂದಾಗ ಅವಳು ತಹಸೀಲು ಕಚೇರಿಯ ಮುಂದಿನ ಧರಣಿ ಟೆಂಟಿನಲ್ಲಿದ್ದಳು, ಶಾಲೆಗೆ ಬೀಗ ಬಿದ್ದ ಮೇಲೆ ಮೇಷ್ಟ್ರುಗಳಿಗೆಲ್ಲ ಅದೇ ಶಾಲೆ, ಹಾಜರಿ ಶಾಲೆಗಿಂತ ಚೆನ್ನಾಗಿರುತ್ತಿತ್ತು, ಮೈಕಿನಲ್ಲಿ ಯಾರೋ ಗಂಟಲು ಹರಿಯುವಂತೆ ಜೈ ಎನ್ನುತ್ತಿದ್ದರು, ಇನ್ನೊಂದು ಕಿವಿಗೆ ಬೆರಳಿಟ್ಟುಕೊಂಡು ಕೇಳಿದಳು, ಮೈದುನ ನಂದಕಿಶೋರ, ತಾಂಡೂರಿನ ಬ್ಯಾಂಕಿನಲ್ಲಿರುವವನು, ವೈನಿ ಗಾಬರಿ ಆಗಬ್ಯಾಡ್ರಿ ಎಂದ, ಹಾಗೆಂದವರು ಗಾಬರಿಯ ಸುದ್ದಿಯನ್ನೇ ತಂದಿರುತ್ತಾರೆ, ಅಣ್ಣ ಕ್ವಾರ್ಟರ್ಸಿನ್ಯಾಗ ಬಿದ್ದಿದ್ನಂತ, ಮಿದುಳಿನ್ಯಾಗ ರಕ್ತ ಆಗ್ಯಾದಂತ, ಹೈದರಾಬಾದಿಗಿ ಒಯ್ಯಾಕ ಡಾಕ್ಟರು ಬ್ಯಾಡ ಅಂತಾರ, ಅಲುಗಾಡಿಸಬಾರದಂತ, ಮಾತು ಹೋಗ್ಯಾದ, ಬರೇ ಎಪ್ಪತ್ಮೂರು ಅಂತಾನ, ಎಪ್ಪತ್ಮೂರು ಅಂತಾನ, ಸುಮ್ಮನಿರ್ತಾನ, ನಮ್ಮ ಮಾರಿ ನೋಡ್ತಾನ, ಮತ್ತ ಎಪ್ಪತ್ಮೂರು ಅಂತಾನ. ಅಲ್ಲಿ ಎಲ್ಲರೂ ಅದಕ್ಕೆ ಅರ್ಥ ಹಚ್ಚುತ್ತಿದ್ದರಂತೆ, ಕ್ವಾರ್ಟರ್ಸಿನ ನಂಬರಿರಬೇಕು ಎಂದು ಒಬ್ಬ, ಕೀಲಿ ಮರೆತು ಬಂದಿದ್ದಾರೆ ಎಂದು ಇನ್ನೊಬ್ಬ, ಕಾಂಪೌಂಡರನು ತಿಹತ್ತರ್ ತಿಹತ್ತರ್ ಎಂದು ಉರ್ದುವಿನಲ್ಲಿ ತಿರುಗಿಸಿ ನೋಡಿದ, ಏನೂ ಹೊಳೆಯಲಿಲ್ಲ, ದಾಖಲು ಮಾಡಿಕೊಳ್ಳುವ ಹುಡುಗಿ ಮಾತ್ರ ಒಂದು ನಿರ್ಣಯಕ್ಕೆ ಬಂದು ವಯಸ್ಸಿನ ಕಾಲಮಿನಲ್ಲಿ ಅದನ್ನೇ ಬರೆದುಕೊಂಡಳು, ಐವತ್ತು ದಾಟಿ ಇನ್ನೂ ವರ್ಷವಾಗಿಲ್ಲ ಅವರಿಗೆ. ನಾ ಫೋನು ಅಣ್ಣನ ಕಿವಿಗಿ ಹಿಡೀತೀನಿ, ಏನಾರ ಮಾತಾಡ್ರಿ ವೈನಿ, ನಿಮ್ಮ ದನಿ ಕೇಳಿದ್ರ — ಫೋನಿನಲ್ಲಿ ಅವರ ಉಸಿರಾಟ, ಒದ್ದೆ ಬಟ್ಟೆ ಎಳೆದಂಥ ಉಸಿರಾಟ, ಆಮೇಲೆ ಅದು, ದಪ್ಪ ನಾಲಿಗೆಯಲ್ಲಿ, ಆದರೆ ತಪ್ಪಿಲ್ಲದೆ, ಎಪ್ಪತ್ಮೂರು. ಕಾಯುತ್ತಿದ್ದಾರೆ. ಇಡೀ ತಾಂಡೂರಿಗೆ ಗೊತ್ತಿಲ್ಲದ್ದು ಅವಳಿಗೆ ಗೊತ್ತು, ಅದಕ್ಕೆ ಒಂದೇ ಉತ್ತರ, ಅವಳು ಹೇಳಬೇಕಾದದ್ದು, ಎರಡಕ್ಷರ. ಹೇಳಲಿಲ್ಲ. ಬರಾಕತ್ತೀನ್ರಿ, ಬಂದು ಹೇಳ್ತೀನಿ, ಎಂದಳು, ಮೈಕು ಮತ್ತೆ ಜೈ ಎಂದಿತು, ಆ ಕಡೆ ಏನು ಕೇಳಿಸಿತೋ.

ಮೈಕಿನ ಗದ್ದಲಕ್ಕೆ ಹೇಳಲಿಲ್ಲ ಎಂದರೆ ಯಾರಾದರೂ ನಂಬಿಯಾರು, ಹೆಡ್‌ಮಾಸ್ತರು ಪಕ್ಕದಲ್ಲೇ ಕೂತಿದ್ದರು ಎಂದರೂ ನಂಬಿಯಾರು, ಅವಳೇ ನಂಬುವುದಿಲ್ಲ. ಕಾರಣ ಗಣಿತದ್ದು: ಅವರ ಸರದಿ ಆಗಿದೆ, ತನ್ನ ಸರದಿ ಬಾಕಿ ಇದೆ, ಬಾಕಿ ಇರುವವರೆಗೆ ಆಟ ಮುಗಿಯುವುದಿಲ್ಲ, ಆಟ ಮುಗಿಯದೆ ಅವರು ಎದ್ದು ಹೋಗುವವರಲ್ಲ, ಆದ್ದರಿಂದ ತಾನು ಹೋಗಿ ಮುಟ್ಟುವವರೆಗೆ ಅವರು ಇರಲೇಬೇಕು — ಎಂಟನೆಯ ತರಗತಿಯ ಯಾವ ಹುಡುಗನಾದರೂ ಇಂಥ ಸಾಧನೆ ಬರೆದಿದ್ದರೆ ದತ್ತಾಂಶ ಎಲ್ಲಿದೆಯೋ ಎಂದು ಕೆಂಪು ಶಾಯಿಯಲ್ಲಿ ಸೊನ್ನೆ ಸುತ್ತುತ್ತಿದ್ದಳು, ಗೊತ್ತಿದೆ, ಜೀಪು ಮೊಗುಡಂಪಲ್ಲಿಯ ರಸ್ತೆಗೆ ಹೊರಳುತ್ತಿದೆ, ಎರಡೂ ಕಡೆ ತೊಗರಿ, ಗೊತ್ತಿದ್ದೂ ಆ ಸಾಧನೆಯನ್ನೇ ಮಡಿಲಲ್ಲಿಟ್ಟುಕೊಂಡು ಕೂತಿದ್ದಾಳೆ, ಒಡೆಯುವ ಸಾಮಾನು ಹಿಡಿದವಳ ಹಾಗೆ. ಹೆಣ್ಣು ನೋಡಲು ನಾರಾಯಣಖೇಡಕ್ಕೆ ಬಂದಾಗ ಹಾಡು ಬರ್ತದೇನು, ಅಡಿಗಿ ಬರ್ತದೇನು ಎಂದು ಅವರ ಕಡೆಯವರು ಕೇಳುತ್ತಿದ್ದರೆ ಅವರು ಚಾದ ಬಸಿ ಕೆಳಗಿಟ್ಟು, ತೊಂಬತ್ತೊಂದು ಅವಿಭಾಜ್ಯ ಹೌದೋ ಅಲ್ಲೋ ಎಂದಿದ್ದರು, ಎಲ್ಲರೂ ಅವರ ಮುಖ ನೋಡಿದರು, ಹದಿಮೂರೇಳ್ಲಿ ತೊಂಬತ್ತೊಂದು ಅಂದಿದ್ದಳು ಇವಳು, ನೆಲ ನೋಡುತ್ತ, ಆತು ಬಿಡ್ರಿ, ನನ್ನದೇನೂ ತಕರಾರಿಲ್ಲ, ಎಂದು ಅವರು ಬಸಿ ಎತ್ತಿಕೊಂಡರು. ಮದುವೆಯಾದ ಹೊಸದರಲ್ಲಿ ಬೇರೆ ಗಂಡಂದಿರು ಮಲ್ಲಿಗೆ ತರುತ್ತಾರೆ, ಇವರು ಸಂಖ್ಯೆ ತಂದರು, ಏಳು ಕೋಟಿ ಮೂವತ್ತೊಂಬತ್ತು ಲಕ್ಷ ಮೂವತ್ತೊಂಬತ್ತು ಸಾವಿರದ ನೂರ ಮೂವತ್ಮೂರು, ಎಂಟು ಅಂಕಿಯದು, ಎಲ್ಲೋ ಓದಿಕೊಂಡು ಬಂದಿದ್ದರು, ಇದು ಅವಿಭಾಜ್ಯ ನೋಡು, ಅದೇನು ದೊಡ್ಡದಲ್ಲ, ಇದರ ಕೊನೀ ಅಂಕಿ ತೆಗಿ, ಉಳಿದದ್ದೂ ಅವಿಭಾಜ್ಯ, ಮತ್ತೊಂದು ತೆಗಿ, ಅದೂ, ಮತ್ತೊಂದು ತೆಗಿ, ಅದೂ, ಬಾಲ ಕತ್ತರಿಸಿದಷ್ಟೂ ಒಡಿಯಂಗಿಲ್ಲ, ಒಂದಂಕಿ ಉಳಿಯೋತನಕ, ಇಂಥಾ ಗುಣದವು ಕೆಲವೇ ಅವ, ಅವರೊಳಗ ಎಲ್ಲಾಕಿಂತ ದೊಡ್ಡದು ಇದು, ಎಂದರು, ಸ್ವಂತ ಹೊಲ ತೋರಿಸುವವರ ಹಾಗೆ. ಆ ರಾತ್ರಿಯಿಡೀ ಅವಳು ಭಾಗಿಸಿ ನೋಡಲಿಲ್ಲ, ನಂಬಿದಳು.

ಅದೇ ಆಟವಾಯಿತು. ಅವರ ಕೆಲಸ ಕರಣಕೋಟದಲ್ಲಿ, ಇವಳದು ಜಹೀರಾಬಾದಿನಲ್ಲಿ, ಶನಿವಾರದ ಸಂಜೆ ಬರುತ್ತಿದ್ದರು, ಆದಿತ್ಯವಾರ ಮುಂಜಾನೆ ಕೌದಿಯೊಳಗಿನಿಂದ ದೊಡ್ಡ ಸಂಖ್ಯೆ ಕೂಗುತ್ತಿದ್ದರು, ಅಡುಗೆಮನೆಯಿಂದ ಇವಳು ಕೊನೆಯ ಮೂರನ್ನು ತೆಗೆದು ಎಪ್ಪತ್ಮೂರು ಲಕ್ಷ ತೊಂಬತ್ಮೂರು ಸಾವಿರದ ಒಂಬೈನೂರ ಹದಿಮೂರು, ಕೌದಿಯೊಳಗಿನಿಂದ ಏಳು ಲಕ್ಷ ಮೂವತ್ತೊಂಬತ್ತು ಸಾವಿರದ ಮುನ್ನೂರ ತೊಂಬತ್ತೊಂದು, ಇವಳು ಎಪ್ಪತ್ಮೂರು ಸಾವಿರದ ಒಂಬೈನೂರ ಮೂವತ್ತೊಂಬತ್ತು, ಅವರು ಏಳು ಸಾವಿರದ ಮುನ್ನೂರ ತೊಂಬತ್ಮೂರು, ಇವಳು ಏಳುನೂರ ಮೂವತ್ತೊಂಬತ್ತು, ಅವರು ಎಪ್ಪತ್ಮೂರು, ಇವಳು — ಏಳು. ಎಂದರೆ ಸಂಖ್ಯೆ, ಎಂದರೆ ಮೇಲೇಳು ಎಂಬ ಅಪ್ಪಣೆ, ಎರಡೂ ಒಂದೇ ಉಸಿರಿನಲ್ಲಿ, ಅಪ್ಪಣೆ ಆದ ಮೇಲೆ ಅವರು ಏಳಲೇಬೇಕು, ಅದು ಕರಾರು, ಮೊದಲು ಕೌದಿಯ ತುದಿಯಿಂದ ಎಡಗಾಲಿನ ಹೆಬ್ಬೆರಳು ಹೊರಗೆ ಬರುತ್ತಿತ್ತು, ಎಷ್ಟು ತಿಕ್ಕಿದರೂ ಉಗುರಿನ ಸಂದಿನಲ್ಲಿ ಬೂದು ಸಿಮೆಂಟು ಉಳಿದ ಹೆಬ್ಬೆರಳು, ಹಾಜರಿ ಹೇಳುವವರ ಹಾಗೆ ಎರಡು ಸಲ ಬಾಗಿ ನೆಟ್ಟಗಾಗುತ್ತಿತ್ತು, ಆಮೇಲೆ ಉಳಿದ ಮನುಷ್ಯ. ಅತ್ತೆ ಚಂದ್ರಾಬಾಯಿ ಇದ್ದ ಕಾಲ ಅದು, ಎರಡು ವಾರ ಸಹಿಸಿ ಮೂರನೆಯ ವಾರ ಮಗನನ್ನು ಹಿತ್ತಲಿಗೆ ಕರೆದರಂತೆ, ನಿನ್ನ ಹೇಣ್ತಿ ನಿನಗ ಏಳು ಅಂತಾಳಲ್ಲೋ, ದನಕ್ಕ ಎಬ್ಬಿಸಿದಂಗ, ಏಳ್ರಿ ಅನ್ನಾಕ ಅಕಿ ಬಾಯಿಗಿ ಏನಾಗ್ಯಾದ, ಅವ್ವಾ ಅದು ಲೆಕ್ಕ ಎಂದರಂತೆ ಇವರು, ಲೆಕ್ಕಕ್ಕೂ ರಿ ಹಚ್ಚು ಅನ್ನು, ಎಂದರಂತೆ ಅತ್ತೆ. ಏಳಕ್ಕೆ ರಿ ಹಚ್ಚಿದರೆ ಅದು ಅಂಕಿಯಾಗಿ ಉಳಿಯುವುದಿಲ್ಲವಲ್ಲ, ಅದನ್ನು ಅತ್ತೆಗೆ ತಿಳಿಹೇಳುವ ಗಣಿತ ಇನ್ನೂ ಹುಟ್ಟಿರಲಿಲ್ಲ. ಇಪ್ಪತ್ತು ವರ್ಷದ ಮೇಲಾಯಿತು, ಗಂಡನಿಗೆ ಬರ್ರಿ ಹೋಗ್ರಿ ಕೂಡ್ರಿ ಉಣ್ರಿ, ಎಲ್ಲಕ್ಕೂ ರಿ, ಜಗಳಾಡಿದರೂ ರಿ ಬಿಟ್ಟವಳಲ್ಲ, ವಾರಕ್ಕೊಮ್ಮೆ ಒಂದೇ ಒಂದು ಮಾತು, ಆದಿತ್ಯವಾರ, ಬರಿಗೈಯ ಹಾಗೆ ಬರಿ ಮಾತು, ಅವರೂ ಆ ಒಂದು ಮಾತಿಗಾಗಿಯೇ ಏಳು ಕೋಟಿಯಿಂದ ಇಳಿದು ಬರುತ್ತಾರೆ ಎಂದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಹೇಳಿಕೊಳ್ಳಲಿಲ್ಲ.

ಬಾಯೇರ, ಒಂದು ಕೇಳ್ತೀನಿ, ಸಿಟ್ಟಿಗಿ ಬರಬ್ಯಾಡ್ರಿ, ಎನ್ನುತ್ತಾನೆ ನರೇಶ, ಗೇರು ಬದಲಿಸುತ್ತ, ಸರ ಆ ಗ್ವಾಡಿ ಸುದ್ದಿ ಇನ್ನೂ ಮನಸಿನ್ಯಾಗ ಇಟ್ಟಾರೇನ್ರಿ. ಗೋಡೆ. ಶಾಲೆಯ ಕಂಪೌಂಡು ಗೋಡೆಯ ಮೇಲೆ ಅವರು ರಜೆ ಹಾಕಿ ಬಂದು ನಿಂತು ಬರೆದಿದ್ದರು, ಮೇಲೆ ಎಂಟಂಕಿ, ಅದರ ಕೆಳಗೆ ಏಳಂಕಿ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕೆಳಗೆ ಒಂದೇ ಒಂದು ಅಂಕಿ, ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಅವಿಭಾಜ್ಯ ಎಂದು. ತೆಲುಗು ಓದುವವರಿಗೆ ಕನ್ನಡ ಅಕ್ಷರ ಅರ್ಧ ಬರುತ್ತದೆ, ಪೂರ್ತಿ ಬಂದಿದ್ದರೆ ಅಥವಾ ಪೂರ್ತಿ ಬಾರದಿದ್ದರೆ ಏನೂ ಆಗುತ್ತಿರಲಿಲ್ಲ. ಅವಿಭಾಜ್ಯ ಎಂದು ಓದಿದರು ಚಳವಳಿಯ ಹುಡುಗರು, ಕೆಳಗೆ ಏಳು ಕೋಟಿ ಚಿಲ್ಲರೆ ಕಂಡಿತು, ಏಳು ಕೋಟಿ ಎಂದರೆ ಮತ್ತೇನು, ಇಡೀ ಆಂಧ್ರದ ಮಂದಿ, ಏಳು ಕೋಟಿ ಮಂದಿಯ ಅವಿಭಾಜ್ಯ ರಾಜ್ಯ, ಒಡೆಯಬಾರದು ಎನ್ನುವವರ ಘೋಷಣೆ ಕನ್ನಡದಲ್ಲಿ ನಮ್ಮೂರ ಗೋಡೆ ಹತ್ತಿದೆ, ಡಾಂಬರಿನ ಡಬ್ಬಿ ಹಿಡಿದು ಬಂದೇಬಿಟ್ಟರು, ಮುಂದೆ ಇದೇ ನರೇಶ, ಏಳನೆಯ ತರಗತಿಯಲ್ಲಿ ಇವಳ ಕೈಯಲ್ಲೇ ಅವಿಭಾಜ್ಯ ಕಲಿತವನು, ಕಲಿತದ್ದು ನೆನಪಿರಲಿಲ್ಲ ಎಂದರೆ ಅದು ಇವಳ ತಪ್ಪೂ ಹೌದು. ಅವರು ಹೆದರಲಿಲ್ಲ, ಅದಕ್ಕಿಂತ ಕೆಟ್ಟದ್ದು ಮಾಡಿದರು, ತಿದ್ದಿದರು, ತಮ್ಮಾ, ಆಂಧ್ರದ ಮಂದಿ ಇದಕ್ಕಿಂತ ಜಾಸ್ತಿ ಅದಾರ, ಹೋದ ಗಣತಿಯ ಲೆಕ್ಕ ನೋಡು, ಎಂದರು. ಆಮೇಲೆ ಎಲ್ಲರಿಗೂ ಚಾ ತರಿಸಿ ಡಾಂಬರಿನ ಡಬ್ಬಿಗೆ ಮುಚ್ಚಳ ಹಾಕಿ ಅದನ್ನೇ ಕುರ್ಚಿ ಮಾಡಿಕೊಂಡು ಕೂತು ಪಾಠ ಮಾಡಿದರು, ಕೊನೆಗೊಂದು ಒಪ್ಪಂದವಾಯಿತು, ಮೇಲಿನ ಶಬ್ದಕ್ಕೆ ಮಾತ್ರ ಡಾಂಬರು, ಕೆಳಗಿನ ಲೆಕ್ಕಕ್ಕೆ ಅಭಯ. ಇಟ್ಟುಕೊಂಡಿಲ್ಲ ಬಿಡು ಎನ್ನುತ್ತಾಳೆ ಅವಳು, ಆದರೆ ಪೋಸ್ಟರುಗಳು ಯಾವ ಒಪ್ಪಂದವನ್ನೂ ಓದಲಿಲ್ಲ, ಮೇಲಿನಿಂದ ಒಂದೊಂದೇ ಸಾಲು ಮುಚ್ಚಿದವು, ಕೆಳಗಿಂದ ಎರಡನೆಯದೂ ಹೋದ ವಾರ ಹೋಯಿತು, ಏಳೊಂದು ಇನ್ನೂ ಅದ ನೋಡ್ರಿ ಬಾಯೇರ, ಅದರ ಮ್ಯಾಲ ಹಚ್ಚಾಕ ನಾ ಬಿಟ್ಟಿಲ್ಲ, ಎಂದು ನರೇಶ ರಸ್ತೆಯನ್ನೇ ನೋಡುತ್ತ ಹೇಳುತ್ತಾನೆ, ಸರ ಅವತ್ತ ಒಂದು ಮಾತು ಅಂದಿದ್ರು, ಏಳು ಅಂದ್ರ ನಮ್ಮ ಕನ್ನಡದಾಗ ಎದ್ದು ನಿಂದರು ಅಂತ, ತೆಲುಗಿನ್ಯಾಗ ಏಡು ಅಂದ್ರ ಅಳು ಅಂತಾನೂ ಆಗ್ತದ, ತುರಕರ ಮಾತಿನ್ಯಾಗ ಸಾತ್ ಅಂದ್ರ ಸಂಗಾಟ ಅಂತ, ಒಂದೇ ಅಂಕಿ, ಈ ಊರಾಗ ನಿಂತು ಯಾರಿಗಿ ಹೇಳ್ತಿ ಅನ್ನೋದರ ಮ್ಯಾಲ ಅದ, ಅಂತ. ಹೌದು, ಅಂದಿದ್ದರು, ಹುಡುಗರು ನಕ್ಕಿದ್ದರು, ಇವಳೂ ನಕ್ಕಿದ್ದಳು, ಏಳಕ್ಕೆ ಈ ಊರಿನಲ್ಲಿ ಎಷ್ಟು ಕೆಲಸ.

ಜೀಪು ನಿಂತಿತು. ಕುರಿಗಳು. ಇಡೀ ರಸ್ತೆ ಬೂದು ಬೆನ್ನುಗಳಿಂದ ತುಂಬಿ ಹರಿಯುತ್ತಿದೆ, ಯಾವುದಕ್ಕೂ ಅವಸರವಿಲ್ಲ, ಆ ತುದಿಯಲ್ಲಿ ಕಂಬಳಿ ಹೊದ್ದ ಅಮೋಘಸಿದ್ದ ಬಾಯಿಂದ ಏನೋ ಸದ್ದು ಮಾಡುತ್ತಾನೆ, ಈ ತುದಿಯಲ್ಲಿ ಅವನ ಹೆಂಡತಿ ಮರೆಮ್ಮ, ಕಂಕುಳಲ್ಲಿ ಹುಟ್ಟಿ ಇನ್ನೂ ಒಣಗದ ಮರಿ, ನರೇಶ ಹಾರ್ನು ಬಾರಿಸಿದ, ಬಾರಿಸಬ್ಯಾಡೋ ಯಪ್ಪಾ, ಬೆದರಿದ್ರ ಕರ್ನಾಟಕದಾಗ ಓಡತಾವ, ಅಲ್ಲಿಂದ ತರಾಕ ಮತ್ತ ನಿನ್ನ ಸಮ್ಮೆ ಮುಗೀಬೇಕು, ಎಂದಳು ಮರೆಮ್ಮ, ಎಂದವಳೇ ಜೀಪಿನೊಳಗೆ ಬಗ್ಗಿ ನೋಡಿ, ಯಾಕ ಬಾಯಿ, ಮಾರಿ ಸಣ್ಣದಾಗ್ಯಾದ. ಮನೆಯವರಿಗೆ ಆರಾಮಿಲ್ಲ ಎಂದಳು ಮಾಲತೀಬಾಯಿ, ಇಷ್ಟು ಸಣ್ಣ ಮಾತಿನಲ್ಲಿ ಎಲ್ಲವೂ ಹಿಡಿಸಿತಲ್ಲ ಎಂದು ಅವಳಿಗೇ ಆಶ್ಚರ್ಯ. ಮಾತಾಡ್ತಾರೇನು. ಒಂದು ಮಾತು ಆಡ್ತಾರಂತ. ಕಂಕುಳಿನ ಮರಿ ಅರಚಿತು, ಹಿಂಡಿನ ಒಳಗಿಂದ ಎಲ್ಲೋ ಒಂದು ದನಿ ದಪ್ಪಗೆ ಉತ್ತರ ಕೊಟ್ಟಿತು, ಮತ್ತೆ ಮರಿ, ಮತ್ತೆ ಆ ದನಿ, ಮರೆಮ್ಮ ಆ ಕಡೆ ಗಲ್ಲ ತಿರುವಿ ತೋರಿಸಿದಳು, ಕೇಳಿದ್ಯಾ, ಇದು ಕರೀತದ ಅದು ಓ ಅಂತದ, ಹೋದ ತಿಂಗಳ ಒಂದು ಮರಿ ಕರದು ಕರದು, ತಾಯಿ ಓ ಅನಲಿಲ್ಲ, ಕರಿಯೋದೇ ಬಿಟ್ಟಿತು, ಸಂಜಿಗಿ ಹೋತು. ಹೇಳಿದ್ದು ಅಷ್ಟೇ, ಯಾರಿಗೂ ಬುದ್ಧಿ ಹೇಳುವ ದನಿಯಲ್ಲ, ಕುರಿಯ ಸುದ್ದಿ ಹೇಳುವ ದನಿ, ಹೇಳಿ ಹಿಂಡಿನೊಳಗೆ ನಡೆದಳು — ಮಡಿಲಲ್ಲಿದ್ದ ಸಾಧನೆ ಒಡೆದು ಹೋಗುತ್ತಿದೆ, ದತ್ತಾಂಶವೇ ತಪ್ಪು, ಬಾಕಿ ಇದ್ದರೆ ಕಾಯುತ್ತಾರೆ ಎಂದು ಯಾರು ಹೇಳಿದರು, ಓ ಅನ್ನದಿದ್ದರೆ ಕರೆಯುವುದನ್ನು ಬಿಡುತ್ತಾರೆ, ಫೋನು, ಎಲ್ಲಿ ಫೋನು, ಚೀಲದ ತಳದಲ್ಲಿ, ಒತ್ತಿದಳು, ಒಂದು ರಾಜ್ಯದ ಗಾಳಿ ಬಿಟ್ಟು ಇನ್ನೊಂದು ರಾಜ್ಯದ ಗಾಳಿ ಹಿಡಿಯದ ಜಾಗ ಅದು, ಗಡಿ, ಫೋನಿನ ಪರದೆಯ ಮೇಲೆ ಒಂದು ಗೀಟೂ ಇಲ್ಲ, ನರೇಶ ತನ್ನದನ್ನು ಕೊಟ್ಟ, ಅದರಲ್ಲೂ ಇಲ್ಲ, ಮುಂದ ಹೋದ್ರ ಸಿಗ್ತದ ಬಾಯೇರ, ಮುಂದೆ ಹೋದರೆ ಕುರಿ, ಕುರಿಯ ಮುಂದೆ ಕುರಿ, ಅವಳು ಕಿಟಕಿಯ ಹೊರಗೆ ಮುಖ ಹಾಕಿ ಬೂದು ಬೆನ್ನುಗಳ ಮೇಲೆ ಬಾಯಿ ತೆರೆದು ಮುಚ್ಚಿದಳು, ಎರಡಕ್ಷರ, ಇಲ್ಲಿ ಹೇಳಿದರೆ ಕುರಿಗಳಷ್ಟೇ ಎದ್ದಾವು.

ಅದಾದ ಮೇಲಿನ ಕರ್ನಾಟಕ ಅವಳಿಗೆ ಕಾಣಲೇ ಇಲ್ಲ, ಕರ್ನಾಟಕಕ್ಕೆ ಸ್ವಾಗತ ಎಂದು ಫೋನು ಗುಂಯ್‌ಗುಟ್ಟಿತು, ಸ್ವಾಗತ ಮಾಡುವಷ್ಟು ಗಾಳಿ ಇತ್ತು, ಮಾತಾಡುವಷ್ಟು ಇರಲಿಲ್ಲ, ಹೊರಗಿನ ಊರಿಗೆ ಬೇಕಾಗುವ ದುಡ್ಡು ಅದರಲ್ಲಿ ತುಂಬಿಸಿರಲಿಲ್ಲ, ನಂದಕಿಶೋರನ ನಂಬರು ಒತ್ತುತ್ತಾಳೆ, ಹೆಣ್ಣುದನಿಯೊಂದು ಕನ್ನಡದಲ್ಲಿ ಕ್ಷಮೆ ಕೇಳುತ್ತದೆ, ಮತ್ತೆ ಒತ್ತುತ್ತಾಳೆ, ಮತ್ತೆ ಕ್ಷಮೆ, ನರೇಶನ ಫೋನು ಅಷ್ಟು ಹೊತ್ತಿಗೆ ಕಣ್ಣು ಮುಚ್ಚಿತ್ತು, ರಾತ್ರಿಯೆಲ್ಲ ಚಳವಳಿ ಮಾಡಿ ದಣಿದದ್ದು. ಆಗ ಸಂಖ್ಯೆಯೇ ಬಂದು ಪಕ್ಕದಲ್ಲಿ ಕೂತಿತು, ಬೇರೆ ಯಾರೂ ಇರಲಿಲ್ಲ ಅದಕ್ಕೂ. ಮಕ್ಕಳಾಗಲಿಲ್ಲ ಎಂದು ಅತ್ತೆ ಸೋಮವಾರ ಹಿಡಿಸಿದಾಗ ಅವರು ರಾತ್ರಿ ಹೇಳಿದ್ದರು, ಈ ಸಂಖ್ಯಾದ ಮುಂದ ಇನ್ನೊಂದು ಅಂಕಿ ಹಚ್ಚಿ ನೋಡಿದ್ಯಾ, ಒಂದು ಹಚ್ಚಿದ್ರ ಮೂರರಿಂದ ಹೋಗ್ತದ, ಏಳು ಹಚ್ಚಿದ್ರ ಒಂಬತ್ತರಿಂದ ಹೋಗ್ತದ, ಮೂರು ಒಂಬತ್ತೂ ನಡಿಯಂಗಿಲ್ಲ, ಇದು ಇಲ್ಲಿಗೇ ನಿಂತದ, ನಿಂತದ್ದಕ್ಕೇ ದೊಡ್ಡದು ಅನಿಸ್ಯಾದ, ಎಂದಿದ್ದರು, ಸಮಾಧಾನ ಹೇಳುವಾಗಲೂ ಭಾಗಾಕಾರ ಮಾಡುವ ಮನುಷ್ಯ, ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದಳು, ಅವರ ಕೈ ಬೆನ್ನ ಮೇಲೆ ಬಹಳ ಹೊತ್ತು ಇತ್ತು. ಅವಳಿ ಅವಿಭಾಜ್ಯಗಳು ಎಂದಿರುತ್ತವೆ, ಐದು ಏಳು, ಎಪ್ಪತ್ತೊಂದು ಎಪ್ಪತ್ಮೂರು, ನಡುವೆ ಒಂದೇ ಮನೆ ಬಿಟ್ಟು ಇರುವವು, ಇದಕ್ಕೆ ಅವಳಿಯೂ ಇಲ್ಲ, ಈ ಕಡೆಯದು ಒಂಬತ್ತರಿಂದ ಹೋಗುತ್ತದೆ, ಆ ಕಡೆಯದು ಐದರಿಂದ. ಆದರೆ ನಾಲ್ಕರಿಂದ ಭಾಗಿಸಿದರೆ ಒಂದು ಉಳಿಯುವ ಜಾತಿ ಇದು, ಆ ಜಾತಿಯ ಅವಿಭಾಜ್ಯವನ್ನೆಲ್ಲ ಎರಡು ವರ್ಗಗಳ ಮೊತ್ತ ಮಾಡಿ ಬರೆಯಬಹುದು, ಒಂದೇ ಒಂದು ರೀತಿಯಲ್ಲಿ, ಎಪ್ಪತ್ಮೂರು ಎಂದರೆ ಎಂಟೆಂಟ್ಲಿ ಅರವತ್ನಾಲ್ಕು, ಮೂರ್ಮೂರ್ಲಿ ಒಂಬತ್ತು, ಬೇರೆ ಜೋಡಿ ಇಲ್ಲ, ಇದ್ದರೆ ಇದೊಂದೇ, ದೊಡ್ಡದಕ್ಕೂ ಅಂಥ ಒಂದು ಜೋಡಿ ಇದ್ದೇ ಇದೆ, ಯಾವುದು ಎಂದು ಅವರಿಗೆ ಇನ್ನೂ ಸಿಕ್ಕಿರಲಿಲ್ಲ, ಯಂತ್ರಕ್ಕ ಕೇಳಿದ್ರ ಒಂದು ಗಳಿಗಿಯೊಳಗ ಹೇಳ್ತದ, ಕೇಳಬಾರದು, ನಿವೃತ್ತಿ ಆದ ಮ್ಯಾಲ ಇಬ್ಬರೂ ಕೂತು ಹುಡುಕೋಣಂತ, ಅದ ಅಂತ ಗೊತ್ತದಲ್ಲ, ಅಷ್ಟು ಸಾಕು ಈಗ, ಎನ್ನುತ್ತಿದ್ದರು. ನಾಲ್ಕರಿಂದ ಭಾಗಿಸಿದರೆ ಮೂರು ಉಳಿಯುವ ಇನ್ನೊಂದು ಜಾತಿ ಇದೆ, ಅವಕ್ಕೆ ಜೋಡಿಯೇ ಇಲ್ಲ, ಎಷ್ಟು ಹುಡುಕಿದರೂ ಎರಡು ವರ್ಗ ಸಿಗುವುದಿಲ್ಲ. ಏಳು ಆ ಜಾತಿಯದು. ಎಪ್ಪತ್ಮೂರರಲ್ಲಿ ಇಬ್ಬರು, ಆಮೇಲೆ, ಇದು ಇಷ್ಟು ವರ್ಷ ಯಾಕೆ ಹೊಳೆದಿರಲಿಲ್ಲ, ಅವರಿಗೆ ಹೊಳೆದಿತ್ತೋ ಏನೋ, ಹೇಳಿರಲಿಲ್ಲವೋ ಏನೋ.

ಕರಣಕೋಟ ಕಂಡಿತು, ಮೊದಲು ಚಿಮಣಿ, ಆಮೇಲೆ ಬೂದು ಎಲೆಗಳ ಗಿಡಗಳು, ಬೂದು ಮಾಳಿಗೆಗಳು, ಈ ಬೂದಿಯೇ ವಾರಕ್ಕೊಮ್ಮೆ ಒಂದು ಉಗುರಿನ ಸಂದಿನಲ್ಲಿ ಕೂತು ಜಹೀರಾಬಾದಿಗೆ ಬರುತ್ತಿತ್ತು, ಅಲ್ಲಿಂದ ಫೋನಿಗೆ ಗಾಳಿ ಹತ್ತಿತು, ಮತ್ತೆ ಆಂಧ್ರಪ್ರದೇಶಕ್ಕೆ ಸ್ವಾಗತ, ಹೆಬ್ಬೆರಳು ಬಟನಿನ ಮೇಲೆ ಇಟ್ಟಳು, ಈಗ ಹೇಳುತ್ತೇನೆ, ಯಾರಿದ್ದರೂ ಸರಿ, ರಿ ಇಲ್ಲದೆ — ಅಷ್ಟರಲ್ಲಿ ಅದೇ ಬಾರಿಸತೊಡಗಿತು. ನಂದಕಿಶೋರ. ಎತ್ರಿ ಬಾಯೇರ ಎನ್ನುತ್ತಾನೆ ನರೇಶ, ಅವಳು ಎತ್ತುವುದಿಲ್ಲ, ಬಾರಿಸುತ್ತದೆ, ಕೈಯಲ್ಲಿ ಹುಟ್ಟಿ ಒಣಗದ ಮರಿಯ ಹಾಗೆ ಮಿಡುಕುತ್ತದೆ, ನಿಲ್ಲುತ್ತದೆ, ಮತ್ತೆ ಬಾರಿಸುತ್ತದೆ, ಎತ್ತುವವರೆಗೆ ಅದರೊಳಗಿನ ಮಾತು ಆಡಿದಂತಲ್ಲ, ಆಡುವವರೆಗೆ ಆಗಿದ್ದು ಆದಂತಲ್ಲ, ಮತ್ತೆ ಅದೇ ಸಾಧನೆ, ಮತ್ತೆ ಅದೇ ಸೊನ್ನೆ, ಗೊತ್ತಿದೆ, ನರೇಶ ಅವಳ ಮುಖ ನೋಡಿದ, ಹೆಗಲ ಮೇಲಿನ ಗುಲಾಬಿ ರುಮಾಲು ತೆಗೆದು ಮಡಚಿ ಸ್ಟೇರಿಂಗ್ ಪಕ್ಕದ ಡಬ್ಬಿಯಲ್ಲಿಟ್ಟ. ತಾಂಡೂರಿನ ನೆಲಹಾಸಿನ ಪರಸಿ ಕಲ್ಲಿನ ಅಂಗಡಿಗಳು, ಬಾಗಿಲು ಹಾಕಿದವು, ರಸ್ತೆ ಪಕ್ಕ ನಿಲ್ಲಿಸಿದ ನುಣುಪು ಕಲ್ಲುಗಳ ಸಾಲು, ಯಾರೂ ಏನೂ ಬರೆಯದ ಹಲಗೆಗಳ ಸಾಲು, ದವಾಖಾನೆಯ ಮೆಟ್ಟಿಲು, ಫಿನೈಲಿನ ವಾಸನೆ, ಗೋಡೆಗೆ ಆತು ನಿಂತ ನಂದಕಿಶೋರ, ಚಪ್ಪಲಿ ಇಲ್ಲ ಅವನ ಕಾಲಲ್ಲಿ, ಫೋನ್ ಮಾಡಿದ್ದೆನ್ರಿ ವೈನಿ, ಎಂದ, ಅಷ್ಟಕ್ಕೆ ಅವನ ಬಾಯಿ ವಕ್ರವಾಯಿತು, ತಡೆದುಕೊಂಡು, ಮಧ್ಯಾಹ್ನತನಕ ಅಂತಿದ್ದ, ಎಪ್ಪತ್ಮೂರು ಅಂದು ಬಾಗಲಾ ನೋಡಾಂವ, ಆಮ್ಯಾಲ ಅನ್ನೋದು ಬಿಟ್ಟ. ಅವಳು ಒಳಗೆ ಹೋದಳು. ಮಂಚದ ತಲೆಯ ಕಡೆ ತೂಗುಬಿಟ್ಟ ಹಾಳೆಯಲ್ಲಿ ವಯಸ್ಸು ಎಪ್ಪತ್ಮೂರು, ಅಂತೂ ಯಾರೋ ಒಬ್ಬರು ಅವರ ಮಾತನ್ನು ಬರೆದುಕೊಂಡಿದ್ದರು, ಬಿಳಿ ಚಾದರ ಮುಖ ಮುಚ್ಚುವಂತೆ ಎಳೆದಿತ್ತು, ಎಳೆದ ರಭಸಕ್ಕೆ ಈ ತುದಿ ಗಿಡ್ಡವಾಗಿ ಎಡಗಾಲಿನ ಹೆಬ್ಬೆರಳು ಹೊರಗೆ ಬಂದಿತ್ತು, ಯಾವಾಗಲೂ ಅದೇ ಮೊದಲು ಬರುತ್ತಿತ್ತು, ಆಮೇಲೆ ಉಳಿದವರು, ಬಾಗಿಲಲ್ಲಿ ಮೈದುನ ಇದ್ದಾನೆ, ಕಲಿಸಿದ ಹುಡುಗ ಇದ್ದಾನೆ, ವಯಸ್ಸು ಬರೆದ ಹುಡುಗಿ ಇದ್ದಾಳೆ, ಅವಳು ಚಾದರದ ಮೇಲೆ ಕಿವಿ ಇರಬಹುದಾದ ಜಾಗಕ್ಕೆ ಬಗ್ಗಿದಳು, ಕಣ್ಣು ಮಾತ್ರ ಕಾಲಿನ ಕಡೆಗೆ, ಏಳು, ಎಂದಳು, ಎಲ್ಲರಿಗೂ ಕೇಳುವ ಹಾಗೆ, ಬರಿ ಮಾತು, ಆದಿತ್ಯವಾರದ ಮಾತು — ಹೆಬ್ಬೆರಳು, ಉಗುರಿನ ಸಂದಿನಲ್ಲಿ ಬೂದು, ಎರಡು ಸಲ ಬಾಗಬೇಕಾದ ಹೆಬ್ಬೆರಳು, ಬೂದು, ಹೆಬ್ಬೆರಳು —

ಅವನು ಏಳಲಿಲ್ಲ.